ಶೀಟು ಕಿತ್ತ ಜಾಗ ಏನು ಹೇಳುತ್ತದೆ?

ಪ್ರಶ್ನೆ: ನಮ್ಮದು ತಿಪಟೂರು ಕಡೆಯ ಹಳ್ಳಿ. ಭರಣಿ ಮಳೆಯ ಹೊತ್ತಿನಲ್ಲಿ ಒಂದು ಸಂಜೆ ಹತ್ತೇ ನಿಮಿಷ ಬೀಸಿದ ಗಾಳಿಗೆ ನಮ್ಮ ಮನೆಯ ಮುಂಭಾಗದ ಕಬ್ಬಿಣದ ಶೀಟುಗಳು ಪೈಪಿನ ಸಮೇತ ಎದ್ದು ಹಿಂದಿನ ತೋಟದಲ್ಲಿ ಬಿದ್ದವು. ನಮ್ಮ ಜಗಲಿ ಪೂರ್ವಕ್ಕೆ ತೆರೆದಿದೆ, ಗಾಳಿಯೂ ಪೂರ್ವದಿಂದಲೇ ಬಂತು. ಎದುರು ಮನೆಯವರದೂ ಅದೇ ಅಂಗಡಿಯ ಶೀಟು, ಅಲುಗಲಿಲ್ಲ. ಮೂರನೇ ಮನೆಯ ಹೆಂಚು ಅಂಚಿನಲ್ಲಿ ಮಾತ್ರ ಹೋಯಿತು. ಮಾರನೇ ದಿನ ಬೀದಿಯವರೆಲ್ಲ ಸೇರಿ ಮಾತಾಡಿದಾಗ ಒಬ್ಬರು ಸುಂಟರಗಾಳಿ ಎಂದರು. ಶೀಟಿನ ಮೇಲೆ ಕಲ್ಲು ಹೇರಬೇಕಿತ್ತು ಎಂದರು ಇನ್ನೊಬ್ಬರು. ಬಾಗಿಲು ಕಿಟಕಿ ತೆರೆದಿಟ್ಟಿದ್ದರೆ ಗಾಳಿ ಹಾದುಹೋಗುತ್ತಿತ್ತಂತೆ. ಶೀಟೇ ತೆಳು ಎಂಬುದು ಮತ್ತೊಬ್ಬರ ಮಾತು. ಇವುಗಳಲ್ಲಿ ಯಾವುದು ಸರಿ? ಮತ್ತೆ ಹೊದಿಸುವಾಗ ಏನು ಬದಲಿಸಬೇಕು? ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?

ಉತ್ತರ: ನಿಮ್ಮ ನೆರೆಯವರು ಹೇಳಿದ ಕಾರಣಗಳಲ್ಲಿ ಹೆಚ್ಚಿನವು ತಪ್ಪು. ಆದರೆ ಅವರು ಕಂಡದ್ದು ತಪ್ಪಲ್ಲ, ಅದು ಬಹಳ ಬೆಲೆಬಾಳುವ ಮಾಹಿತಿ. ಗಾಳಿ ಯಾವ ದಿಕ್ಕಿನಿಂದ ಬಂತು, ಮೊದಲು ಎದ್ದದ್ದು ಯಾವ ಮೂಲೆ, ಯಾವ ಮರ ಎತ್ತ ಬಿತ್ತು, ಹೆಂಚು ಎಲ್ಲಿಂದ ಎಲ್ಲಿಯವರೆಗೆ ಹೋಯಿತು ಎಂಬುದನ್ನು ಮನೆಮನೆಯಿಂದ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಹೊದಿಕೆ ಹಾಕುವ ವೆಲ್ಡಿಂಗ್‌ನವರಿಗೂ, ಮಹಜರಿಗೆ ಬರುವ ಅಧಿಕಾರಿಗೂ ಆ ಹಾಳೆ ಬೇಕಾಗುತ್ತದೆ.

ಮೊದಲು ಸುಂಟರಗಾಳಿಯ ವಿಚಾರ. ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮ ಒಳನಾಡಿನಲ್ಲಿ ಬರುವ ಗಾಳಿಮಳೆಯಲ್ಲಿ ಹಾನಿ ಮಾಡುವುದು ಬಹುತೇಕ ಮೇಲಿನಿಂದ ಕೆಳಕ್ಕೆ ಬೀಳುವ ಗಾಳಿ. ಬಿಸಿಲಿಗೆ ಕಾದ ನೆಲದ ಮೇಲಿನ ತೇವದ ಗಾಳಿ ಮೇಲೇರಿ, ಹತ್ತು ಹದಿನೈದು ಕಿ.ಮೀ. ಎತ್ತರದ ಕಾರ್ಮೋಡ ಕಟ್ಟುತ್ತದೆ. ಆ ಮೋಡದಿಂದ ಬೀಳುವ ಮಳೆ ಕೆಳಗಿನ ಒಣಗಾಳಿಯಲ್ಲಿ ಅರ್ಧಂಬರ್ಧ ಆವಿಯಾಗುತ್ತದೆ. ಆಗ ಸುತ್ತಲ ಗಾಳಿ ತಣ್ಣಗಾಗಿ, ಭಾರವಾಗಿ ಕುಸಿಯುತ್ತದೆ. ಬಿಂದಿಗೆ ನೀರನ್ನು ಅಂಗಳಕ್ಕೆ ಸುರಿದಂತೆ ಅದು ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡುತ್ತದೆ. ಮಳೆಗೆ ಐದು ನಿಮಿಷ ಮೊದಲು ಇದ್ದಕ್ಕಿದ್ದಂತೆ ತಂಗಾಳಿ ಬಂದು ಧೂಳೆದ್ದರೆ ಅದು ಈ ಹರಡುವ ಗಾಳಿಯ ಮುಂಚೂಣಿ. ಇಂಥ ಒಂದು ಹೊಡೆತದ ಹರವು ಮೂರು ನಾಲ್ಕು ಕಿ.ಮೀ.ಗಿಂತ ಕಡಿಮೆಯೂ ಇರಬಹುದು. ಅದಕ್ಕೇ ಒಂದು ಊರಿಗೆ ಹಾನಿಯಾದರೆ ಪಕ್ಕದ ಊರಿನವರಿಗೆ ಗೊತ್ತೇ ಆಗಿರುವುದಿಲ್ಲ.

ಸುಂಟರಗಾಳಿಯೋ ಅಲ್ಲವೋ ಎಂದು ತಿಳಿಯಲು ಬಿದ್ದ ಮರಗಳನ್ನು ನೋಡಿದರೆ ಸಾಕು. ತೋಟದಲ್ಲಿ ಬಾಳೆ, ನುಗ್ಗೆ, ತೆಂಗು ಎಲ್ಲವೂ ಒಂದೇ ದಿಕ್ಕಿಗೆ ಒರಗಿದ್ದರೆ, ಅಥವಾ ಬೀಸಣಿಗೆ ಬಿಚ್ಚಿದಂತೆ ಹೊರಮುಖವಾಗಿ ಬಿದ್ದಿದ್ದರೆ ಅದು ಮೇಲಿನಿಂದ ಬಿದ್ದ ಗಾಳಿ. ಕಿರಿದಾದ ಪಟ್ಟಿಯೊಂದರಲ್ಲಿ ಮರಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು, ಎರಡೂ ಬದಿಯವು ಒಳಮುಖವಾಗಿ ತಿರುಗಿದ್ದರೆ ಮಾತ್ರ ಸುತ್ತುವ ಗಾಳಿ ಎನ್ನಬಹುದು. ನಿಮ್ಮ ಶೀಟುಗಳು ನೇರ ಪಶ್ಚಿಮದ ತೋಟಕ್ಕೆ ಹೋಗಿ ಬಿದ್ದಿವೆ. ಹಾಗಾಗಿ ಇದು ನೇರ ಗಾಳಿಯೇ. ನೇರ ಗಾಳಿಗೆ ಮನೆಯನ್ನು ಗಟ್ಟಿ ಮಾಡಬಹುದು, ಅದೂ ದೊಡ್ಡ ಖರ್ಚಿಲ್ಲದೆ. ಆದ್ದರಿಂದಲೇ ಈ ಗುರುತು ಮುಖ್ಯ.

ಇನ್ನು ಕಲ್ಲು ಹೇರುವುದು. ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 0.6ರಿಂದ ಮತ್ತೆ ಗುಣಿಸಿದರೆ ಒಂದು ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್ ಲೆಕ್ಕದಲ್ಲಿ ಬರುತ್ತದೆ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಒತ್ತಡ 375 ನ್ಯೂಟನ್, ಅಂದರೆ ಚದರ ಮೀಟರಿಗೆ ಸುಮಾರು 38 ಕೆಜಿ ತೂಕ. ಗಾಳಿ ಛಾವಣಿಯ ಮೇಲೆ ಹಾದುಹೋಗುವಾಗ ಈ ಬಲ ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಹತ್ತು ಅಡಿಗೆ ಹತ್ತು ಅಡಿಯ ಛಾವಣಿಯನ್ನು ಎತ್ತುವ ಬಲ ಹೆಚ್ಚುಕಡಿಮೆ 350 ಕೆಜಿ. ಅದೇ ಛಾವಣಿಯ ಅರ್ಧ ಮಿ.ಮೀ. ದಪ್ಪದ ಶೀಟು ಮತ್ತು ಪೈಪುಗಳ ಒಟ್ಟು ತೂಕ 75–80 ಕೆಜಿ. ಅದರ ಮೇಲೆ ಎಂಟು ಹತ್ತು ಸೈಜುಗಲ್ಲು ಇಟ್ಟರೂ ಇನ್ನೊಂದು 80 ಕೆಜಿ ಅಷ್ಟೇ. ಉಳಿದ ಸುಮಾರು 200 ಕೆಜಿಯನ್ನು ಕೆಳಕ್ಕೆ ಹಿಡಿಯುವವರು ಯಾರು? ಶೀಟು ಎದ್ದಾಗ ಆ ಕಲ್ಲುಗಳೂ ಎದ್ದು ಯಾರ ತಲೆಯ ಮೇಲೆ ಬೀಳುತ್ತವೆಂದು ಹೇಳಲಾಗದು. ಮರಳುಮೂಟೆ, ಹಳೇ ಟೈರುಗಳದೂ ಇದೇ ಕತೆ. ದಯವಿಟ್ಟು ಇಳಿಸಿಬಿಡಿ.

ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ ಎಂಬುದನ್ನೂ ಮರೆಯಬೇಡಿ. ಅರವತ್ತು ಕಿ.ಮೀ. ಗಾಳಿ ತಡೆದ ಮನೆ ತೊಂಬತ್ತನ್ನೂ ತಡೆಯುತ್ತದೆ ಎನ್ನುವಂತಿಲ್ಲ. ಕಟ್ಟಡಗಳ ಗಾಳಿ ಹೊರೆಗೆ ಇರುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ವೇಗವನ್ನು ಲೆಕ್ಕಕ್ಕೆ ಹಿಡಿಯಲು ಹೇಳುತ್ತದೆ. ಗಂಟೆಯ ಲೆಕ್ಕದಲ್ಲಿ ಅದು ಸುಮಾರು 119 ಮತ್ತು 140 ಕಿ.ಮೀ. ನಮ್ಮ ಕಡೆ ಸಮುದ್ರವಿಲ್ಲ, ಚಂಡಮಾರುತ ಬರುವುದಿಲ್ಲ, ಇಷ್ಟೆಲ್ಲ ಯಾಕೆ ಎಂದು ಶೀಟು ಹಾಕುವವರು ಹೇಳುವುದುಂಟು. ಆ ಸಂಖ್ಯೆಗಳು ಮೂರು ಸೆಕೆಂಡಿನ ಬೀಸಿಗೆ ಕೊಟ್ಟವು. ಅಂಥ ಬೀಸು ಬರಲು ಚಂಡಮಾರುತವೇ ಬೇಕಿಲ್ಲ.

ಬಾಗಿಲು ಕಿಟಕಿ ತೆರೆದಿಡುವ ಸಲಹೆ ಎಲ್ಲಕ್ಕಿಂತ ಅಪಾಯದ್ದು. ಮನೆಗೆ ನುಗ್ಗಿದ ಗಾಳಿ ಹಾದುಹೋಗುವುದಿಲ್ಲ. ಬಲೂನಿಗೆ ಊದಿದಂತೆ ಒಳಗಿನಿಂದ ಛಾವಣಿಯನ್ನು ಮೇಲಕ್ಕೆ ಒತ್ತುತ್ತದೆ. ಮೇಲಿನಿಂದ ಹೀರುವಿಕೆ, ಕೆಳಗಿನಿಂದ ಒತ್ತುವಿಕೆ ಎರಡೂ ಸೇರಿ ಆ 350 ಕೆಜಿ 500 ದಾಟಬಹುದು. ಗಾಳಿ ಬರುವ ಕಡೆಯ ಬಾಗಿಲು ಕಿಟಕಿಗಳನ್ನು ಮೊದಲು ಮುಚ್ಚಬೇಕು, ಚಿಲಕ ಹಾಕಬೇಕು. ನಿಮ್ಮ ಮನೆ ಮತ್ತು ಎದುರು ಮನೆಯ ವ್ಯತ್ಯಾಸ ಇರುವುದೂ ಇಲ್ಲೇ. ನಿಮ್ಮ ಜಗಲಿ ಮೂರು ಕಡೆ ಗೋಡೆ, ಒಂದು ಕಡೆ ಬಯಲು, ಆ ಬಯಲು ಗಾಳಿಯ ಮುಖಕ್ಕೇ. ಗಾಳಿ ಹಿಡಿಯಲು ಒಡ್ಡಿದ ಗೋಣಿಚೀಲದಂತೆ ಅದು ಕೆಲಸ ಮಾಡಿದೆ. ಎದುರು ಮನೆಯ ಜಗಲಿ ಪಶ್ಚಿಮಕ್ಕೆ, ಗಾಳಿಗೆ ಸಿಕ್ಕಿದ್ದು ಅವರ ಹಿಂಗೋಡೆ. ಅದೇ ಶೀಟು, ಅದೇ ಗಾಳಿ, ಆದರೂ ಅವರ ಛಾವಣಿಗೆ ಬಿದ್ದ ಹೊರೆ ಕಡಿಮೆ. ಮುಂದಿನ ವರ್ಷ ಗಾಳಿ ಪಶ್ಚಿಮದಿಂದ ಬಂದರೆ ಸರದಿ ಅವರದು. ಈ ಮಾತನ್ನು ಅವರಿಗೂ ಹೇಳಿ.

ಮೂರನೇ ಮನೆಯ ಹೆಂಚು ಅಂಚಿನಲ್ಲಿ ಮಾತ್ರ ಹೋದದ್ದಕ್ಕೆ ಕಾರಣ ಸರಳ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು ಹದಿನೈದು ಹಿಡಿಯುತ್ತದೆ, ತೂಕ 35–40 ಕೆಜಿ. ಜೊತೆಗೆ ಹೆಂಚುಗಳ ಸಂದಿಯಲ್ಲಿ ಗಾಳಿ ಸ್ವಲ್ಪ ಸ್ವಲ್ಪ ಹೊರಬೀಳುವುದರಿಂದ ಒಳಗಿನ ಒತ್ತಡ ಇಳಿಯುತ್ತದೆ. ಸೂರಿನ ಅಂಚು, ಮೂಲೆ, ನೆತ್ತಿಯ ಸಾಲಿನಲ್ಲಿ ಮಾತ್ರ ಹೀರುವಿಕೆ ನಡುಭಾಗದ ಇಮ್ಮಡಿಯಷ್ಟಾಗುತ್ತದೆ. ಹೆಂಚಿನ ತಳದ ಮೂತಿಯಲ್ಲಿ ತಂತಿ ಪೋಣಿಸಲು ತೂತು ಬಿಟ್ಟಿರುವುದು ಇದಕ್ಕೇ. ಅದನ್ನು ಬಳಸುವವರು ಕಡಿಮೆ. ಅಂಚಿನ ಎರಡು ಮೂರು ಸಾಲಿನ ಹೆಂಚುಗಳನ್ನಾದರೂ ಜಿಐ ತಂತಿಯಲ್ಲಿ ರೀಪಿಗೆ ಕಟ್ಟಿ, ನೆತ್ತಿಯ ಹೆಂಚುಗಳ ಕೆಳಗೆ ಗಾರೆ ಹೊಸದಾಗಿ ಹಾಕಿದರೆ ಆ ಮನೆಯ ಕೆಲಸ ಮುಗಿಯಿತು.

ಈಗ ನಿಮ್ಮ ಮನೆಗೆ ಬರೋಣ. ಶೀಟು ತೆಳುವೇ ಎಂದು ಕೇಳುವ ಮೊದಲು ಅದು ಎಲ್ಲಿಂದ ಕಿತ್ತುಬಂದಿದೆ ಎಂದು ನೋಡಿ. ಗಾಳಿಯ ಬಲ ಶೀಟಿನಿಂದ ಸ್ಕ್ರೂಗೆ, ಸ್ಕ್ರೂನಿಂದ ಪೈಪಿಗೆ, ಪೈಪಿನಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿಯುತ್ತದೆ. ಈ ಸರಪಳಿಯಲ್ಲಿ ತೀರ ದುರ್ಬಲವಾದ ಕೊಂಡಿ ಬಿಡುತ್ತದೆ. ಉಳಿದವನ್ನು ಎಷ್ಟು ಗಟ್ಟಿ ಮಾಡಿದರೂ ಪ್ರಯೋಜನವಿಲ್ಲ.

ಪೈಪು ಜಾಗದಲ್ಲೇ ಇದ್ದು, ಸ್ಕ್ರೂ ಮತ್ತು ವಾಷರ್ ಪೈಪಿನಲ್ಲೇ ಉಳಿದು, ಶೀಟಿನ ತೂತು ಮಾತ್ರ ಹರಿದು ಅಗಲವಾಗಿದ್ದರೆ ಶೀಟು ವಾಷರಿನ ಮೇಲಿಂದ ಕಿತ್ತುಕೊಂಡಿದೆ. ತೆಳು ಶೀಟು, ಸಣ್ಣ ವಾಷರ್, ಕಡಿಮೆ ಸ್ಕ್ರೂ, ಈ ಮೂರರಲ್ಲಿ ಒಂದೋ ಮೂರೂವೋ ಕಾರಣ. ಇದು ಒಂದೇ ಏಟಿಗೆ ಆಗುವುದಲ್ಲ. ಶೀಟು ಪಟಪಟ ಬಡಿದುಕೊಳ್ಳುವಾಗ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದಂತೆ ತೂತಿನ ಸುತ್ತ ಬಿರುಕು ಹುಟ್ಟಿ ಬೆಳೆಯುತ್ತದೆ. ಆಸ್ಟ್ರೇಲಿಯಾದ ಡಾರ್ವಿನ್ ನಗರದ ಮನೆಗಳ ಕಬ್ಬಿಣದ ಛಾವಣಿಗಳನ್ನು 1974ರ ಕ್ರಿಸ್‌ಮಸ್ ದಿನ ಟ್ರೇಸಿ ಚಂಡಮಾರುತ ಕಿತ್ತೊಗೆದ ಮೇಲೆ ಎಂಜಿನಿಯರುಗಳು ಈ ಆಯಾಸದ ಬಿರುಕನ್ನು ಗಂಭೀರವಾಗಿ ತೆಗೆದುಕೊಂಡರು. ಹಾಗಾಗಿ ಈ ಸಲ ಹಾರದ ಶೀಟುಗಳ ತೂತುಗಳನ್ನೂ ಪರೀಕ್ಷಿಸಿ. ವಾಷರಿನ ಅಂಚಿನಲ್ಲಿ ಕೂದಲೆಳೆಯ ಗೆರೆ ಕಂಡರೆ ಮುಂದಿನ ಗಾಳಿಗೆ ಅದೇ ಹೋಗುವುದು. ಎದುರು ಮನೆಯವರೂ ಒಮ್ಮೆ ಹತ್ತಿ ನೋಡಲಿ.

ಹುಕ್ ಬೋಲ್ಟು ನೆಟ್ಟಗಾಗಿ ಬಿಚ್ಚಿಕೊಂಡಿದ್ದರೆ ಕೊಂಡಿ ಅಲ್ಲಿ ಬಿಟ್ಟಿದೆ. ಪೈಪಿನ ಕೆಳಗೆ ಒಂದೇ ಬದಿ ಹಿಡಿಯುವ ಜೆ ಆಕಾರದ ಹುಕ್ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಎರಡೂ ಬದಿ ಹಿಡಿಯುವ ಯು ಆಕಾರದ ಬೋಲ್ಟು ಹಾಗೆ ಬಿಚ್ಚುವುದಿಲ್ಲ. ನಡುವೆ ಜೆ ಹುಕ್ಕೇ ಇರಲಿ, ಅಂಚಿನ ಸಾಲುಗಳಿಗೆ ಯು ಬೋಲ್ಟು ಹಾಕಿಸಿ. ಸ್ಕ್ರೂ ಪೈಪಿನಿಂದಲೇ ಉದುರಿದ್ದರೆ ಪೈಪಿನ ಗೋಡೆ ತೆಳು ಅಥವಾ ತುಕ್ಕು. ಅಗ್ಗದ ಪೈಪುಗಳ ದಪ್ಪ 1.2 ಮಿ.ಮೀ. ಇರುತ್ತದೆ, ಸ್ಕ್ರೂನ ಎಳೆಗಳಿಗೆ ಅಲ್ಲಿ ಕಚ್ಚಲು ಜಾಗವೇ ಇಲ್ಲ. ಎರಡು ಮಿ.ಮೀ. ದಪ್ಪದ್ದನ್ನೇ ಕೇಳಿ, ಕತ್ತರಿಸಿದ ತುದಿಯನ್ನು ಅಂಗಡಿಯಲ್ಲೇ ಅಳೆಸಿ ನೋಡಿ. ಮರದ ತೊಲೆ, ರೀಪಿಗೆ ಹೊಡೆದ ಮೊಳೆ ಕಿತ್ತು ಬಂದಿದ್ದರೆ ಮರ ಗೆದ್ದಲು ತಿಂದಿದೆಯೇ ಎಂದು ಚಾಕುವಿನಿಂದ ಚುಚ್ಚಿ ನೋಡಬೇಕು. ನೇರ ಮೊಳೆ ಎಳೆತಕ್ಕೆ ನಿಲ್ಲುವುದೇ ಇಲ್ಲ, ಅಲ್ಲಿ ಸ್ಕ್ರೂ ಬೇಕು.

ಆದರೆ ನೀವು ಬರೆದಂತೆ ಶೀಟು ಪೈಪಿನ ಸಮೇತ ಹೋಗಿದೆ. ಅಂದರೆ ಶೀಟಿನದೂ ತಪ್ಪಿಲ್ಲ, ಸ್ಕ್ರೂನದೂ ತಪ್ಪಿಲ್ಲ. ಪೈಪನ್ನು ಗೋಡೆಯ ಮೇಲಿಟ್ಟು, ತುದಿಗೆ ಒಂದೆರಡು ಬಾಂಡಲಿ ಗಾರೆ ಮೆತ್ತಿ, ಮೇಲೊಂದು ಇಟ್ಟಿಗೆ ಕೂರಿಸಿ ಮುಗಿಸಿರುತ್ತಾರೆ. ಇಂಥ ಮನೆಗಳಲ್ಲಿ ತೀರ ಸಾಮಾನ್ಯವಾದ ಲೋಪ ಇದು. ಗಾರೆ ಒತ್ತುವ ಭಾರ ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಹೊಸ, ದಪ್ಪ, ದುಬಾರಿ ಶೀಟು ತಂದು ಅದೇ ಗಾರೆಯ ಮೇಲೆ ಕೂರಿಸಿದರೆ ಮುಂದಿನ ಸಲ ದುಬಾರಿ ಶೀಟು ಹಾರುತ್ತದೆ. ದುಡ್ಡು ಮಿತವಾಗಿದ್ದರೆ ಅದನ್ನು ಶೀಟಿಗಲ್ಲ, ಪೈಪು ಗೋಡೆಗೆ ಸೇರುವ ಜಾಗಕ್ಕೆ ಹಾಕಿ.

ಅಲ್ಲಿ ಮಾಡಬೇಕಾದ್ದು ಇಷ್ಟು. ಪ್ರತಿ ಪೈಪಿನ ಪ್ರತಿ ತುದಿಗೂ ಗೋಡೆಯೊಳಗೆ ಇಳಿದ 12 ಮಿ.ಮೀ. ಕಂಬಿ ಬೇಕು. ಎಷ್ಟು ಆಳ ಎಂದರೆ, ಅದು ಹಿಡಿದೆತ್ತುವ ಗೋಡೆಯ ತೂಕ ಗಾಳಿಯ ಎಳೆತಕ್ಕಿಂತ ಹೆಚ್ಚಿರಬೇಕು. ಆರು ಇಂಚಿನ ಸಾಲಿಡ್ ಬ್ಲಾಕ್ ಗೋಡೆಯಲ್ಲಿ ಮೂರು ಅಡಿಗೊಂದು ಕಂಬಿ, ಎರಡು ಅಡಿ ಆಳ ಎಂದಿಟ್ಟುಕೊಂಡರೆ ಒಂದು ಕಂಬಿಯ ಪಾಲಿಗೆ ಬರುವ ಗೋಡೆಯ ತೂಕ ಸುಮಾರು 160 ಕೆಜಿ. ಹತ್ತು ಅಡಿ ಚೌಕದ ಛಾವಣಿಗೆ ನಾಲ್ಕು ಪೈಪಿದ್ದರೆ ಎಂಟು ತುದಿ. 500 ಕೆಜಿ ಹಂಚಿದರೆ ತುದಿಗೆ ಅರವತ್ತು ಚಿಲ್ಲರೆ. ಮೂಲೆಗೆ ಅದರ ಇಮ್ಮಡಿ ಹಿಡಿಯಿರಿ. ಎರಡು ಅಡಿ ನಡುವಿನ ತುದಿಗಳಿಗೆ ಸಾಕು, ಮೂಲೆಗಳಲ್ಲಿ ಮೂರು ಅಡಿ ಇಳಿಸಿ. ಲಿಂಟಲ್ ಪಟ್ಟಿ ಮನೆಯ ಸುತ್ತ ಇದ್ದರೆ ಕಂಬಿಯ ತುದಿಯನ್ನು ಬಗ್ಗಿಸಿ ಅದರ ಕಂಬಿಗೆ ಸಿಕ್ಕಿಸಿ. ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಕಟ್ಟಿದ ಗೋಡೆಯಲ್ಲಿ ಇದನ್ನು ಎರಡು ರೀತಿ ಮಾಡಬಹುದು. ಪೈಪು ಬರುವ ಜಾಗದಲ್ಲಿ ಮೇಲಿನ ಮೂರು ವರಸೆ ಬ್ಲಾಕು ಬಿಚ್ಚಿ, ಕೆಳಗೆ ಎಲ್ ಆಕಾರಕ್ಕೆ ಬಗ್ಗಿಸಿದ ಕಂಬಿ ನಿಲ್ಲಿಸಿ, ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿಯ ಕಾಂಕ್ರೀಟು ತುಂಬಿ ಏಳು ದಿನ ನೀರುಣಿಸಿದ ಮೇಲೆ ಪೈಪು ಬಿಗಿಯುವುದು ಒಂದು. ಬಿಚ್ಚಲು ಇಷ್ಟವಿಲ್ಲದಿದ್ದರೆ ಒಂದು ಇಂಚು ಅಗಲ, 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯನ್ನು ಪೈಪಿನ ಮೇಲೆ ಹಾಯಿಸಿ ಗೋಡೆಯ ಒಳಗೂ ಹೊರಗೂ ಎರಡಡಿ ಇಳಿಸಿ, ಗೋಡೆಯ ಆರಪಾರ 12 ಮಿ.ಮೀ. ಬೋಲ್ಟು ಹಾಕಿ ಎರಡೂ ಬದಿ ಮೂರಿಂಚಿನ ಕಬ್ಬಿಣದ ತಟ್ಟೆ ಕೊಟ್ಟು ಬಿಗಿಯಿರಿ. ನೋಡಲು ಅಂದವಿಲ್ಲ, ಆದರೆ ಒಂದು ದಿನದ ಕೆಲಸ. ಹಾಲೋ ಬ್ಲಾಕ್ ಅಥವಾ ಮಣ್ಣಿನ ಗಾರೆಯ ಗೋಡೆಗೆ ಆ್ಯಂಕರ್ ಬೋಲ್ಟು ಹೊಡೆಯಲು ಬಿಡಬೇಡಿ, ಅದು ಹಿಗ್ಗಿ ಕಚ್ಚಲು ಅಲ್ಲಿ ಗಟ್ಟಿ ಜಾಗವಿಲ್ಲ. ಕಂಬಿ ಕಟ್ಟುವ ಬೈಂಡಿಂಗ್ ತಂತಿಯಲ್ಲಿ ಪೈಪು ಬಿಗಿದರೆ ಬಿಗಿದಂತಲ್ಲ.

ಪೈಪು ನಿಂತ ಮೇಲೆ ಶೀಟು. ಪೈಪುಗಳ ನಡುವೆ ನಾಲ್ಕಡಿ ಅಂತರ ನಡುಭಾಗಕ್ಕೆ ನಡೆಯುತ್ತದೆ, ಸೂರಿನ ಕಡೆಯ ಮತ್ತು ನೆತ್ತಿಯ ಕಡೆಯ ಕೊನೆಯ ಅಂಕಣ ಮೂರಡಿ ಮೀರದಿರಲಿ. ಸ್ಕ್ರೂ ಅಂಚಿನ ಪೈಪುಗಳಲ್ಲಿ ಶೀಟಿನ ಪ್ರತಿ ಏಣಿಗೊಂದು (ಏಣು ಎಂದರೆ ಶೀಟಿನ ಉಬ್ಬಿದ ಸಾಲು), ನಡುವಿನ ಪೈಪುಗಳಲ್ಲಿ ಏಣು ಬಿಟ್ಟು ಏಣು. ಇದೇಕೆ ಎಂದು ವೆಲ್ಡಿಂಗ್‌ನವರು ಗೊಣಗಿದರೆ ಲೆಕ್ಕ ತೋರಿಸಿ. ಮೂಲೆಯಲ್ಲಿ ಹೀರುವ ಬಲ ಚದರ ಮೀಟರಿಗೆ 76 ಕೆಜಿ ಹಿಡಿದರೆ, ನಾಲ್ಕಡಿ ಅಂತರದ ಪೈಪಿಗೆ ಮೂರಡಿಗೊಂದು ಸ್ಕ್ರೂ ಹಾಕಿದಾಗ ಒಂದೊಂದಕ್ಕೆ 80 ಕೆಜಿ ಮೀರಿದ ಎಳೆತ. ಹತ್ತಿಂಚಿಗೊಂದು ಹಾಕಿದರೆ 23. ಸ್ಕ್ರೂ 5.5 ಮಿ.ಮೀ. ದಪ್ಪದ್ದು, ರಬ್ಬರ್ ವಾಷರ್ ಇರುವಂಥದ್ದು. ಬಿಗಿದಾಗ ರಬ್ಬರು ಲೋಹದ ವಾಷರಿನ ಅಂಚಿನಿಂದ ಕೂದಲೆಳೆಯಷ್ಟು ಇಣುಕಬೇಕು. ಹಿಸುಕಿ ಹೊರಬಂದಿದ್ದರೆ ಅತಿ ಬಿಗಿ, ವರ್ಷದೊಳಗೆ ಸೀಳುತ್ತದೆ. ಸಡಿಲವಿದ್ದರೆ ನೀರಿಳಿದು ಪೈಪು ತುಕ್ಕು ಹಿಡಿಯುತ್ತದೆ. ಶೀಟಿನ ಮೇಲೆ ಶೀಟು ಬರುವಲ್ಲಿ ಉದ್ದಕ್ಕೆ ಆರಿಂಚು ಹೊದಿಕೆ ಬೇಕು.

ಸೂರನ್ನು ಒಂದೂವರೆ ಅಡಿಗಿಂತ ಮುಂದೆ ಚಾಚಬೇಡಿ. ಮಳೆ ನೀರು ಗೋಡೆಗೆ ಬೀಳಬಾರದೆಂದು ಮೂರು ಮೂರೂವರೆ ಅಡಿ ಬಿಡುವುದು ನಮ್ಮಲ್ಲಿ ರೂಢಿ. ಗಾಳಿ ಗೋಡೆಗೆ ಬಡಿದು ಮೇಲೇರಿ ಆ ಚಾಚಿನ ಹೊಟ್ಟೆಗೆ ಗುದ್ದುತ್ತದೆ, ಮೇಲಿನಿಂದ ಹೀರುವಿಕೆ ಬೇರೆ. ಹಾರಿದ ಶೀಟುಗಳಲ್ಲಿ ಹೆಚ್ಚಿನವು ಮೊದಲು ಏಳುವುದು ಅಲ್ಲಿಂದಲೇ. ಅಷ್ಟು ಚಾಚು ಬೇಕೇ ಬೇಕಿದ್ದರೆ ಅದನ್ನು ಬೇರೆ ಶೀಟಾಗಿ, ಬೇರೆ ಪೈಪಿನ ಮೇಲೆ ಮಾಡಿ. ಹೋದರೆ ಅದೊಂದೇ ಹೋಗಲಿ, ಮನೆಯ ಶೀಟನ್ನು ಎಳೆದುಕೊಂಡು ಹೋಗುವುದು ಬೇಡ. ನಿಮ್ಮ ಜಗಲಿಯ ಮೇಲಿನ ಛಾವಣಿಯನ್ನೂ ಹೀಗೆ ಬೇರ್ಪಡಿಸುವುದು ನನ್ನ ಸಲಹೆ. ಗೋಡೆಯ ಮೇಲೆ ಎರಡರ ನಡುವೆ ಮಳೆನೀರು ಇಳಿಯದಂತೆ ತಗಡಿನ ಮಡಿಕೆ ಕೊಟ್ಟರಾಯಿತು. ಇಡೀ ಪೈಪಿನ ಚೌಕಟ್ಟನ್ನೇ ಹೊಸದಾಗಿ ಮಾಡಿಸುವವರು ಹತ್ತಡಿಗೆ ನಾಲ್ಕಡಿ ಏರು ಕೊಡಲಿ. ತೀರ ಚಪ್ಪಟೆ ಛಾವಣಿಯ ಮೇಲೆ ಹೀರುವಿಕೆ ಹೆಚ್ಚು.

ಬೀದಿಯಲ್ಲಿ ಸಿಮೆಂಟ್ ಶೀಟಿನ ಮನೆಗಳಿದ್ದರೆ ಒಂದು ಮಾತು. ಅವು ಗಾಳಿಗಿಂತ ಆಲಿಕಲ್ಲಿಗೆ ಬೇಗ ಒಡೆಯುತ್ತವೆ. ಒಡೆದ ಶೀಟನ್ನು ನೋಡಲು ನೇರ ಮೇಲೆ ಕಾಲಿಟ್ಟು ಬೀಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಎರಡು ಪೈಪಿನ ಮೇಲೆ ಕೂರುವಂತೆ ಹಲಗೆ ಹಾಸಿ ಅದರ ಮೇಲಷ್ಟೇ ನಡೆಯಬೇಕು. ತೂತು ಬೋಲ್ಟಿಗಿಂತ 2 ಮಿ.ಮೀ. ದೊಡ್ಡದಿರಬೇಕು, ಬಿಗಿ ಅತಿಯಾಗಬಾರದು. ಹಳೆಯ ಕಲ್ನಾರಿನ ಶೀಟಾದರೆ ತುಂಡುಗಳನ್ನು ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಹಾಕಿ ಎತ್ತಿ. ಒಣ ಗರಗಸದಲ್ಲಿ ಕುಯ್ಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.

ಗಾಳಿ ನಿಂತ ಮೊದಲ ಗಂಟೆಯ ಕೆಲಸವನ್ನು ಬೀದಿಯವರೆಲ್ಲ ಮೊದಲೇ ಮಾತಾಡಿಕೊಂಡಿರಬೇಕು. ಬಿದ್ದ ತಂತಿಯಿಂದ ಕನಿಷ್ಠ ಮೂವತ್ತು ಅಡಿ ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಬೇರೆಯವರೂ ದನಗಳೂ ಬರದಂತೆ ಕಾಯಿರಿ. ಕರೆಂಟು ಹೋಗಿದೆ, ಆದ್ದರಿಂದ ತಂತಿ ಸತ್ತಿದೆ ಎಂದುಕೊಳ್ಳಬಾರದು. ಲೈನು ಯಾವ ಗಳಿಗೆಯಲ್ಲಾದರೂ ಮತ್ತೆ ಚಾಲೂ ಆಗಬಹುದು. ತಂತಿ ಮುಳ್ಳುಬೇಲಿಯ ಮೇಲೆ ಬಿದ್ದಿದ್ದರೆ ಆ ಬೇಲಿ ಹೋದಷ್ಟು ದೂರವೂ ಅಪಾಯವೇ. ಒದ್ದೆ ನೆಲದಲ್ಲಿ ತಂತಿಯ ಹತ್ತಿರವೇ ಇದ್ದೀರಿ ಎಂದು ತಡವಾಗಿ ಗೊತ್ತಾದರೆ ಓಡಬೇಡಿ. ಎರಡು ಕಾಲಿನ ನಡುವೆ ಅಂತರ ಹೆಚ್ಚಿದಷ್ಟೂ ನೆಲದಲ್ಲಿ ಹರಿಯುವ ವಿದ್ಯುತ್ತು ಮೈಗೆ ಹೊಡೆಯುವುದು ಹೆಚ್ಚು. ಪಾದಕ್ಕೆ ಪಾದ ತಾಗಿಸಿ ನೆಲ ಬಿಡದೆ ಜರುಗುತ್ತ ಹೊರಬನ್ನಿ.

ಸಿಡಿಲಿಗೆ ಸರಳ ಲೆಕ್ಕ ಉಂಟು. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವುದರೊಳಗೆ ಸದ್ದು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ತೋಟದಲ್ಲಿರುವವರು ಮನೆ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು. ಹಸು ಕುರಿಗಳನ್ನು ಮರದಡಿ ಕಟ್ಟಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ನೀವಿರುವ ಜಾಗದ ಸುತ್ತ ಇಪ್ಪತ್ತು, ನಲವತ್ತು ಕಿ.ಮೀ. ವ್ಯಾಪ್ತಿಯ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಬೀದಿಗೆ ಇಬ್ಬರ ಫೋನಿನಲ್ಲಾದರೂ ಇರಲಿ. ಮೋಟಾರಿನ ಸ್ಟಾರ್ಟರ್, ಟಿವಿ, ಫ್ರಿಜ್ ಸುಡದಿರಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು, ಅದೂ ಮೋಡ ತಲೆ ಮೇಲೆ ಬರುವ ಮೊದಲು.

ಪರಿಹಾರದ ವಿಷಯದಲ್ಲಿ ಆಸೆ ದೊಡ್ಡದಿಟ್ಟುಕೊಳ್ಳಬೇಡಿ. ಆದರೆ ಬಿಡಲೂ ಬೇಡಿ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರ 2022–26ರ ಅವಧಿಗೆ ಕೊಟ್ಟ ದರಪಟ್ಟಿಯಲ್ಲಿ, ಪೂರ್ತಿ ಬಿದ್ದ ಅಥವಾ ತೀವ್ರ ಹಾನಿಯಾದ ಮನೆಗೆ ಬಯಲುಸೀಮೆಯಲ್ಲಿ ₹1,20,000, ಕನಿಷ್ಠ 15 ಶೇಕಡಾ ಹಾನಿಯಾದ ಪಕ್ಕಾ ಮನೆಗೆ ₹6,500, ಕಚ್ಚಾ ಮನೆಗೆ ₹4,000, ಮನೆಗೆ ಹೊಂದಿದ ಕೊಟ್ಟಿಗೆಗೆ ₹3,000. ಸತ್ತ ಹಸು ಅಥವಾ ಎಮ್ಮೆಗೆ ₹37,500, ಎತ್ತಿಗೆ ₹32,000, ಕುರಿ ಮೇಕೆಗೆ ₹4,000. ತೆಂಗು, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ ₹22,500, ಅದೂ 33 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ನಷ್ಟವಾಗಿದ್ದರೆ, ಎರಡು ಹೆಕ್ಟೇರಿನವರೆಗೆ. ಲೆಕ್ಕ ಹಿಡಿಯುವುದು ಜಮೀನಿನ ಮೇಲೆ, ಮರದ ಮೇಲಲ್ಲ. ಹಾಗಾಗಿ ಮನೆ ಪಕ್ಕದ ಎರಡು ತೆಂಗು ಬಿದ್ದದ್ದಕ್ಕೆ ಈ ಬಾಬಿನಲ್ಲಿ ಏನೂ ಹುಟ್ಟುವುದಿಲ್ಲ. ದರಗಳು ಆಗಾಗ ಪರಿಷ್ಕಾರವಾಗುತ್ತವೆ, ರಾಜ್ಯ ಸರ್ಕಾರ ಕೆಲವೊಮ್ಮೆ ತನ್ನ ಪಾಲು ಸೇರಿಸುತ್ತದೆ. ಅರ್ಜಿ ಕೊಡುವ ದಿನ ಜಾರಿಯಲ್ಲಿರುವ ದರವನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಳ್ಳಿ.

ಇಲ್ಲೊಂದು ಸೂಕ್ಷ್ಮವಿದೆ. ಕೇಂದ್ರದ ಆ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತವೂ ಆಲಿಕಲ್ಲು ಮಳೆಯೂ ಇವೆ, ಬರಿಯ ಬಿರುಗಾಳಿ ಇಲ್ಲ. ರಾಜ್ಯಗಳು ತಮ್ಮ ನಿಧಿಯ 10 ಶೇಕಡಾದವರೆಗೆ ಸ್ಥಳೀಯ ವಿಪತ್ತುಗಳಿಗೆ ಬಳಸಬಹುದು. ಆದ್ದರಿಂದ ಅಂದು ಆಲಿಕಲ್ಲು ಬಿದ್ದಿದ್ದರೆ ಅರ್ಜಿಯಲ್ಲಿ ಅದನ್ನು ಮರೆಯದೆ ಬರೆಯಿರಿ. ಅಳತೆಗೆ ಪಕ್ಕದಲ್ಲೊಂದು ನಾಣ್ಯ ಇಟ್ಟು ತೆಗೆದ ಫೋಟೊ ಯಾರ ಬಳಿಯಾದರೂ ಇದ್ದರೆ ಎಲ್ಲರೂ ಅದನ್ನು ಲಗತ್ತಿಸಬಹುದು. ಬೀಳದಿದ್ದರೆ ಬಿತ್ತು ಎಂದು ಬರೆಯಬೇಡಿ, ಒಬ್ಬರ ಸುಳ್ಳಿಗೆ ಇಡೀ ಬೀದಿಯ ಅರ್ಜಿ ತಡೆಯುತ್ತದೆ.

ಅರ್ಜಿಗಳು ಬೀಳುವುದು ಸಾಮಾನ್ಯವಾಗಿ ಸಣ್ಣ ಕಾರಣಗಳಿಗೆ. ಮಹಜರಿಗೆ ಮೊದಲೇ ಶೀಟು ಹೊದಿಸಿಬಿಡುವುದು ಮೊದಲನೆಯದು. ಗ್ರಾಮ ಆಡಳಿತಾಧಿಕಾರಿಗೆ ಅಂದೇ ಫೋನು ಮಾಡಿ, ಮರುದಿನ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಯಾವುದನ್ನೂ ಸರಿಸುವ ಮುನ್ನ ಮನೆಯ ನಾಲ್ಕೂ ಮೂಲೆಯಿಂದ, ಒಳಗಿನಿಂದ ಆಕಾಶ ಕಾಣುವಂತೆ, ಹಾರಿದ ಶೀಟು ಬಿದ್ದ ಜಾಗದಲ್ಲಿ ಫೋಟೊ ತೆಗೆಯಿರಿ. ಮಹಜರಿನವರೆಗೆ ಟಾರ್ಪಾಲು ಹೊದಿಸಬಹುದು, ಅದು ದುರಸ್ತಿ ಎನ್ನಿಸಿಕೊಳ್ಳುವುದಿಲ್ಲ. ಅದನ್ನು ನೆತ್ತಿ ದಾಟಿ ಆಚೆಯ ಇಳಿಜಾರಿಗೂ ನಾಲ್ಕಡಿ ಬರುವಂತೆ ಹಾಕಿ, ಅಂಚನ್ನು ಮರದ ಪಟ್ಟಿಗೆ ಸುತ್ತಿ ಪಟ್ಟಿಯನ್ನು ಸ್ಕ್ರೂ ಮಾಡಿ. ಮನೆ ತೀರಿಕೊಂಡ ತಂದೆಯ ಹೆಸರಿನಲ್ಲೇ ಇರುವುದು, ಪಂಚಾಯಿತಿಯ ಆಸ್ತಿ ದಾಖಲೆಯಾದ ಫಾರಂ 9, 11 ಇಲ್ಲದಿರುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿರುವುದು ಉಳಿದ ಕಾರಣಗಳು. ಮಹಜರಿನಲ್ಲಿ ಶೀಟು ಹಾರಿದೆ ಎಂದಷ್ಟೇ ಬರೆಸಬೇಡಿ. ಎಷ್ಟು ಶೀಟಿನಲ್ಲಿ ಎಷ್ಟು, ಗೋಡೆ ಎಷ್ಟು ಅಡಿ ಬಿರುಕು ಬಿಟ್ಟಿದೆ ಎಂದು ಲೆಕ್ಕದಲ್ಲಿ ಬರೆಸಿ, ಓದಿ ಸಹಿ ಹಾಕಿ. ಪೈಪು ಏಳುವಾಗ ಗೋಡೆಯ ಮೇಲಿನ ವರಸೆಯನ್ನೂ ಸಡಿಲಿಸಿರುತ್ತದೆ, ಅದು ಹಾನಿಯ ಶೇಕಡಾವಾರಿಗೆ ಸೇರಬೇಕು.

ವಿಮೆ ಇದ್ದವರಿಗೆ ಗಡುವು ಬೇರೆ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ 14447ಕ್ಕಾಗಲಿ ಬ್ಯಾಂಕಿಗಾಗಲಿ ತಿಳಿಸಬೇಕು. ಮನೆ ಸಾಲದ ಜೊತೆ ಭಾರತ್ ಗೃಹ ರಕ್ಷಾ ಪಾಲಿಸಿ ಮಾಡಿಸಿ ಮರೆತವರೂ ಇರುತ್ತಾರೆ. ಅದರಲ್ಲಿ ಬಿರುಗಾಳಿ, ಸಿಡಿಲು ಎರಡೂ ಸೇರಿವೆ, ಕಾಗದ ಹುಡುಕಿ. ಮರ ಬಿದ್ದು ಜಖಂ ಆದ ಬೈಕು ಕಾರಿಗೆ ಥರ್ಡ್ ಪಾರ್ಟಿ ವಿಮೆಯಿಂದ ಏನೂ ಬರದು.

ಕೊನೆಗೆ, ತೋಟದಲ್ಲಿ ಬಿದ್ದ ಶೀಟುಗಳು. ಏಣು ಚಪ್ಪಟೆಯಾದವನ್ನು ಬಡಿದು ನೆಟ್ಟಗೆ ಮಾಡಿ ಮನೆಗೆ ಹಾಕಬೇಡಿ. ಶೀಟಿನ ಬಿಗುವು ಇರುವುದೇ ಆ ಏಣಿನಲ್ಲಿ. ಸ್ನಾನದ ಮನೆಯ ಮರೆಗೋ ಸೌದೆ ಮುಚ್ಚಲೋ ಆದೀತು. ಏಣು ಸರಿಯಿದ್ದು ತೂತು ಹರಿಯದವನ್ನು ಮತ್ತೆ ಬಳಸಬಹುದು. ಹಳೇ ತೂತಿಗೇ ಸ್ಕ್ರೂ ಹಾಕದೆ ಶೀಟನ್ನು ಒಂದು ಏಣು ಪಕ್ಕಕ್ಕೆ ಸರಿಸಿ ಹೊಸ ಜಾಗದಲ್ಲಿ ಬಿಗಿಯಿರಿ, ಹಳೇ ತೂತು ಆದಷ್ಟೂ ಮೇಲಿನ ಶೀಟಿನ ಹೊದಿಕೆಯಡಿ ಬರುವಂತೆ ನೋಡಿಕೊಳ್ಳಿ. ಹೊರಗುಳಿದ ತೂತುಗಳಿಗೆ ರಬ್ಬರ್ ವಾಷರ್ ಕೊಟ್ಟು ಸಣ್ಣ ಬೋಲ್ಟು ನಟ್ಟು ಹಾಕಿ ಮುಚ್ಚಿ. ಬರಿಯ ಎಂ-ಸೀಲ್ ಮೆತ್ತಿದರೆ ಒಂದು ಬೇಸಿಗೆ ಕಳೆಯುವುದರೊಳಗೆ ಬಿರುಕು ಬಿಟ್ಟು ಉದುರುತ್ತದೆ.